ಮಲೇರಿಯಾ ಸೊಳ್ಳೆಯನ್ನು ತಿಳಿನೀರಿನಲ್ಲಿ ಹುಡುಕಿ

ನಿಂತ ನೀರಿನಲ್ಲಿ ಸೊಳ್ಳೆ ಮರಿ ಹುಡುಕಲು ಮೊದಲು ಒಂದು ಬಿಳಿ ಸೌಟು ಹೊಂದಿಸಿಕೊಳ್ಳಿ. ಪ್ಲಾಸ್ಟಿಕ್ಕಿನದಾದರೂ ಸರಿ, ಎನಾಮೆಲ್ಲಿನದಾದರೂ ಸರಿ. ನಾವು ಕೆಲಸಕ್ಕೆ ಒಯ್ಯುವ ಸೌಟಿನಲ್ಲಿ ಸುಮಾರು 350 ಮಿಲಿಲೀಟರ್ ನೀರು ಹಿಡಿಯುತ್ತದೆ. ಮನೆಯಲ್ಲಿ ಬಿಳಿ ಮಗ್ಗು ಇದ್ದರೆ ಅದೂ ನಡೆಯುತ್ತದೆ. ಬಣ್ಣ ಮಾತ್ರ ಬಿಳಿಯೇ ಆಗಿರಲಿ. ಆಗಷ್ಟೇ ಮೊಟ್ಟೆಯೊಡೆದು ಬಂದ ಸೊಳ್ಳೆ ಮರಿ ಕೂದಲ ತುಂಡಿನಷ್ಟು ಸಣ್ಣದು. ಸ್ಟೀಲ್ ಪಾತ್ರೆಯ ಹೊಳಪಿನಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಜೊತೆಗೆ ಒಂದು ಟಾರ್ಚ್, ಒಂದು ನೋಟ್‌ಬುಕ್ಕು ಇಟ್ಟುಕೊಳ್ಳಿ. ಹದಿನಾರು ವರ್ಷ ಮನೆಮನೆ ಸುತ್ತಿ ನೀರು ನೋಡಿದ್ದೇನೆ. ಇದಕ್ಕಿಂತ ದೊಡ್ಡ ಸಾಮಾನು ನನಗೆ ಬೇಕಾಗಲಿಲ್ಲ.

ಯಾವ ಮನೆಗೆ ಹೋದರೂ ಜನ ಮೊದಲು ತೋರಿಸುವುದು ಚರಂಡಿಯನ್ನು. ‘ಇಲ್ಲಿ ನೋಡಿ ಮೇಡಂ, ಎಷ್ಟು ಹುಳ!’ ಅನ್ನುತ್ತಾರೆ. ಹುಳ ಇರುವುದು ನಿಜ. ಆದರೆ ಕೊಳಕು ನೀರಿನಲ್ಲಿ ಬೆಳೆಯುವುದು ಹೆಚ್ಚಾಗಿ ಕ್ಯೂಲೆಕ್ಸ್ ಸೊಳ್ಳೆ. ಅದು ಕಚ್ಚುತ್ತದೆ, ನಿದ್ದೆ ಕೆಡಿಸುತ್ತದೆ, ಆನೆಕಾಲು ರೋಗವನ್ನೂ ಹರಡಬಲ್ಲದು. ಮಲೇರಿಯಾ ಮಾತ್ರ ತರುವುದಿಲ್ಲ. ಮಲೇರಿಯಾ ತರುವುದು ಅನಾಫಿಲಿಸ್. ಅದರಲ್ಲೂ ಹೆಣ್ಣು ಸೊಳ್ಳೆ ಮಾತ್ರ, ಯಾಕೆಂದರೆ ಮೊಟ್ಟೆ ಕಟ್ಟಲು ರಕ್ತ ಬೇಕಾಗುವುದು ಅದಕ್ಕೇ. ಅನಾಫಿಲಿಸ್‌ನ ಬಹುಪಾಲು ಜಾತಿಗಳು ಮೊಟ್ಟೆ ಇಡಲು ಹುಡುಕುವುದು ನಿಂತ ತಿಳಿನೀರನ್ನು. ಅಂದರೆ ನೀವು ಕುಡಿಯಲು, ಬಳಸಲು ಜೋಪಾನವಾಗಿ ತುಂಬಿಟ್ಟ ನೀರು, ಮಳೆ ನಿಂತ ಮೇಲೆ ಬಯಲಲ್ಲಿ ಉಳಿದ ನೀರು. ಹಾಗಾಗಿ ಚರಂಡಿಗೆ ಬೆನ್ನು ಮಾಡಿ ತಾರಸಿ ಹತ್ತಿ.

ಒಂದು ಮನೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಮನೆಯಲ್ಲಿ ಮೂವರಿಗೆ ಚಳಿಜ್ವರ ಬಂದಿತ್ತು. ಅಂಗಳ ಗುಡಿಸಿ ಸಾರಿಸಿದ ಹಾಗಿತ್ತು. ಚರಂಡಿ ಒಣಗಿತ್ತು. ಮನೆಯ ಅಜ್ಜಿ ನನ್ನ ಜೊತೆಗೇ ಮೆಟ್ಟಿಲು ಹತ್ತಿ ಬಂದರು. ‘ನೋಡಮ್ಮ, ನಮ್ಮ ಟ್ಯಾಂಕ್ ನೀರು ಕನ್ನಡಿ ಥರ ಇದೆ, ಇದರಲ್ಲಿ ಏನಿರುತ್ತೆ?’ ಅಂದರು. ಮುಚ್ಚಳದ ಒಂದು ಅಂಚು ಬಿರುಕು ಬಿಟ್ಟಿತ್ತು, ಎರಡು ಬೆರಳು ತೂರುವಷ್ಟು. ಮುಚ್ಚಳ ಮೆಲ್ಲಗೆ ಸರಿಸಿ, ಓರೆಯಾಗಿ ಟಾರ್ಚ್ ಬಿಟ್ಟೆ. ನೀರು ನಿಜವಾಗಿಯೂ ಕನ್ನಡಿಯೇ. ಟ್ಯಾಂಕಿನ ಗೋಡೆಗೆ ಒತ್ತಿ ಒಂದು ಸೌಟು ಎತ್ತಿ ಅಜ್ಜಿಯ ಕೈಗೆ ಕೊಟ್ಟೆ. ‘ಅಲ್ಲಾಡಿಸಬೇಡಿ ಅಜ್ಜಿ, ಸುಮ್ನೆ ನೋಡ್ತಾ ಇರಿ’ ಅಂದೆ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಅಡಿಯಿಂದ ಒಂದೊಂದಾಗಿ ಮೇಲೆ ಬಂದವು. ಒಣಹುಲ್ಲಿನ ಚೂರುಗಳು ತೇಲಿದ ಹಾಗೆ ನೀರಿನ ಮೇಲ್ಮೈಗೆ ಮಟ್ಟಸವಾಗಿ ಮಲಗಿಕೊಂಡವು. ಒಟ್ಟು ಹನ್ನೊಂದು. ಬೆರಳು ತಾಗಿಸಿದರೆ ಸರಕ್ಕನೆ ಪಕ್ಕಕ್ಕೆ ಜಾರುತ್ತಿದ್ದವು. ಅಜ್ಜಿ ತುಂಬಾ ಹೊತ್ತು ಮಾತಾಡಲಿಲ್ಲ. ‘ಇದೇ ನೀರಲ್ಲಿ ಅನ್ನ ಮಾಡಿದ್ದೀನಲ್ಲಮ್ಮ’ ಅಂದರು.

ಆ ನೀರು ಕುಡಿದು ಮಲೇರಿಯಾ ಬರುವುದಿಲ್ಲ. ಅಜ್ಜಿಗೂ ಅದನ್ನೇ ಹೇಳಿದೆ. ಅಪಾಯ ಇರುವುದು ಆ ಹನ್ನೊಂದು ಮರಿಗಳಿಗೆ ರೆಕ್ಕೆ ಬಂದ ಮೇಲೆ.

ವಾರಕ್ಕೊಮ್ಮೆ ಯಾಕೆ

ಅನಾಫಿಲಿಸ್ ಒಂದು ಸಲಕ್ಕೆ 50ರಿಂದ 200 ಮೊಟ್ಟೆ ಇಡುತ್ತದೆ. ಒಂದೊಂದೇ ಮೊಟ್ಟೆಯನ್ನು ನೀರಿನ ಮೇಲೆ ಬಿಡುತ್ತದೆ. ಮೊಟ್ಟೆಯ ಎರಡೂ ಪಕ್ಕದಲ್ಲಿ ಗಾಳಿ ತುಂಬಿದ ಸಣ್ಣ ತೇಲುಬುಡ್ಡೆಗಳಿರುತ್ತವೆ. ಎರಡು ಮೂರು ದಿನಕ್ಕೆ ಮರಿ ಹೊರಗೆ ಬರುತ್ತದೆ. ಅದಕ್ಕೆ ನಾವು ಲಾರ್ವಾ ಅನ್ನುತ್ತೇವೆ. ನಾಲ್ಕು ಹಂತದಲ್ಲಿ ಪೊರೆ ಬಿಟ್ಟು ದೊಡ್ಡದಾಗಿ, ಆಮೇಲೆ ಅಲ್ಪವಿರಾಮದ ಗುರುತಿನಂತೆ ಬಾಗಿದ ಪ್ಯೂಪಾ ಆಗುತ್ತದೆ. ಪ್ಯೂಪಾ ಏನನ್ನೂ ತಿನ್ನುವುದಿಲ್ಲ. ಒಂದೆರಡು ದಿನದಲ್ಲಿ ಅದರ ಬೆನ್ನು ಸೀಳಿ ಸೊಳ್ಳೆ ಹೊರಗೆ ಬರುತ್ತದೆ. ಬಿಸಿಲಿನ ದಿನಗಳಲ್ಲಿ ಇಷ್ಟೆಲ್ಲ ಸುಮಾರು ಒಂದು ವಾರದಲ್ಲಿ ಮುಗಿಯುತ್ತದೆ. ತಣ್ಣಗಿದ್ದರೆ ಎರಡು ವಾರ, ಇನ್ನೂ ಜಾಸ್ತಿ. ಅದಕ್ಕೇ ತಿಂಗಳಿಗೊಮ್ಮೆ ಟ್ಯಾಂಕ್ ತೊಳೆದರೆ ಸಾಲದು. ನಡುವೆ ಮೂರು ತಲೆಮಾರು ಹಾರಿಹೋಗಿರುತ್ತವೆ. ಏಳು ದಿನಕ್ಕೊಮ್ಮೆ ನೋಡಿ. ವಾರದ ಒಂದು ದಿನ ಗೊತ್ತು ಮಾಡಿಕೊಳ್ಳಿ, ಅದನ್ನು ತಪ್ಪಿಸಬೇಡಿ.

ಇನ್ನೊಂದು ಲೆಕ್ಕವೂ ನಿಮಗೆ ಗೊತ್ತಿರಲಿ. ಮಲೇರಿಯಾ ಇರುವವರ ರಕ್ತ ಕುಡಿದ ಸೊಳ್ಳೆ ಮರುದಿನವೇ ರೋಗ ಹರಡುವುದಿಲ್ಲ. ಮಲೇರಿಯಾ ತರುವ ಸೂಕ್ಷ್ಮಜೀವಿ, ಅಂದರೆ ಪರಾವಲಂಬಿ, ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು ಜೊಲ್ಲಿನ ಗ್ರಂಥಿ ತಲುಪಲು ಸುಮಾರು 10ರಿಂದ 18 ದಿನ ಬೇಕು. ಈ ಹತ್ತಾರು ದಿನ ನಮಗೆ ಸಿಗುವ ಅವಕಾಶ. ಆ ಸೊಳ್ಳೆ ಅಷ್ಟು ದಿನ ಬದುಕದ ಹಾಗೆ ಮಾಡಿದರೆ, ಅಥವಾ ಆ ರೋಗಿಯನ್ನು ಅದು ಮುಟ್ಟದ ಹಾಗೆ ನೋಡಿಕೊಂಡರೆ, ಸರಪಳಿ ಅಲ್ಲೇ ತುಂಡಾಗುತ್ತದೆ.

ಸೌಟು ಹಾಕುವ ಬಗೆ

ಇದನ್ನು ಅವಸರದಲ್ಲಿ ಮಾಡಿದವರು ‘ಏನೂ ಇಲ್ಲ’ ಎಂದು ಬರೆದು ಬರುತ್ತಾರೆ. ಮರಿಗಳಿಗೆ ನೆರಳು ಬಿದ್ದರೂ ಸಾಕು, ಬುಳಕ್ಕೆಂದು ಅಡಿಗೆ ಇಳಿಯುತ್ತವೆ. ಸೂರ್ಯ ನಿಮ್ಮ ಎದುರಿಗಿರಲಿ, ಆಗ ನಿಮ್ಮ ನೆರಳು ಹಿಂದೆ ಬೀಳುತ್ತದೆ. ಹೆಜ್ಜೆ ಮೆಲ್ಲಗಿರಲಿ. ನೀರು ಕದಡಿದ್ದರೆ ಎರಡು ಮೂರು ನಿಮಿಷ ಸುಮ್ಮನೆ ನಿಲ್ಲಿ. ಉಸಿರಾಡಲು ಅವು ಮತ್ತೆ ಮೇಲೆ ಬರಲೇಬೇಕು. ಆಮೇಲೆ ಸೌಟನ್ನು ಸ್ವಲ್ಪ ಓರೆ ಹಿಡಿದು, ಅದರ ಬಾಯಿಯ ಒಂದಂಚು ಮಾತ್ರ ನೀರಿಗೆ ತಾಗುವ ಹಾಗೆ ಇಳಿಸಿ. ಮೇಲಿನ ನೀರು ತಾನಾಗಿ ಒಳಗೆ ಹರಿದು ಬರಲಿ. ಆಳಕ್ಕೆ ಮುಳುಗಿಸಬೇಡಿ. ಬಾಯಿವರೆಗೆ ತುಂಬಿಸಬೇಡಿ, ತುಂಬಿದರೆ ಎತ್ತುವಾಗ ಮರಿ ಚೆಲ್ಲಿಹೋಗುತ್ತವೆ.

ಹೊಂಡದ ನಡುವೆ ಸೌಟು ಹಾಕಿ ಪ್ರಯೋಜನವಿಲ್ಲ. ಅಂಚಿನಲ್ಲಿ ನೋಡಿ. ಹುಲ್ಲು ನೀರಿಗೆ ಬಾಗಿದ ಕಡೆ, ಪಾಚಿಯ ಪಕ್ಕ, ತೇಲುವ ಎಲೆಯ ಬದಿ, ಇಲ್ಲೆಲ್ಲ ಮರಿ ಕೂಡಿಕೊಂಡಿರುತ್ತವೆ. ಒಂದು ಹೊಂಡಕ್ಕೆ ಕಡಿಮೆಯೆಂದರೆ ಹತ್ತು ಸೌಟು, ಒಂದೊಂದೂ ಬೇರೆ ಬೇರೆ ಜಾಗದಲ್ಲಿ. ಬಾವಿಯಾದರೆ ಬಿಳಿ ಬಕೆಟ್ ಇಳಿಬಿಟ್ಟು ಗೋಡೆ ಪಕ್ಕದ ನೀರು ಎತ್ತಿ. ಕೆಳಗೆ ಬಗ್ಗಿ ನೋಡುವ ಸಾಹಸ ಬೇಡ.

ಈಗ ಸೌಟಿನಲ್ಲಿ ಸಿಕ್ಕಿದ್ದನ್ನು ಗುರುತಿಸಿ. ಮರಿ ನೀರಿನ ಮೇಲ್ಮೈಗೆ ಸಮನಾಗಿ, ಅಡ್ಡಡ್ಡ ಮಲಗಿದ್ದರೆ ಅದು ಅನಾಫಿಲಿಸ್. ತಲೆ ಕೆಳಗೆ ಮಾಡಿ, ಬಾಲದ ಕಡೆಯ ಉಸಿರುಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ಓರೆಯಾಗಿ ಜೋತಾಡುತ್ತಿದ್ದರೆ ಅದು ಕ್ಯೂಲೆಕ್ಸ್ ಅಥವಾ ಈಡಿಸ್. ಅನಾಫಿಲಿಸ್‌ಗೆ ಆ ಉದ್ದ ಕೊಳವೆ ಇಲ್ಲ, ಅದಕ್ಕೇ ಅದು ಮಲಗಿಕೊಂಡೇ ಉಸಿರಾಡಬೇಕು. ಈ ಒಂದು ಗುರುತು ಸಾಕು, ಸೂಕ್ಷ್ಮದರ್ಶಕ ಬೇಕಿಲ್ಲ. ಗೋಡೆಯ ಮೇಲೆ ಕೂತ ಸೊಳ್ಳೆಯಲ್ಲೂ ವ್ಯತ್ಯಾಸ ಕಾಣುತ್ತದೆ. ಅನಾಫಿಲಿಸ್ ಹಿಂಭಾಗ ಎತ್ತಿ, ಗೋಡೆಗೆ ಮುಳ್ಳು ಚುಚ್ಚಿದ ಹಾಗೆ ಓರೆಯಾಗಿ ಕೂರುತ್ತದೆ. ಕ್ಯೂಲೆಕ್ಸ್ ಗೋಡೆಗೆ ಸಮನಾಗಿ ಕೂರುತ್ತದೆ.

ಯಾವ ಮರಿ ಸಿಕ್ಕಿದರೂ ಬಿಡಬೇಡಿ, ಅದು ಬೇರೆ ಮಾತು. ಈಡಿಸ್ ಡೆಂಗಿ ತರುತ್ತದೆ. ಅದರ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿ, ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯುತ್ತದೆ. ಡ್ರಮ್ ಖಾಲಿ ಮಾಡಿದರೆ ಸಾಲದು, ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಬೇಕು.

ಎಲ್ಲೆಲ್ಲಿ ನೋಡಬೇಕು

ಮನೆಯಲ್ಲಿ ಮೇಲಿನಿಂದ ಕೆಳಕ್ಕೆ ಬನ್ನಿ. ತಾರಸಿಯ ಟ್ಯಾಂಕ್ ಮೊದಲು. ಮುಚ್ಚಳ ಮಾತ್ರ ನೋಡಿ ಇಳಿಯಬೇಡಿ. ಓವರ್‌ಫ್ಲೋ ಪೈಪಿನ ಬಾಯಿ, ಗಾಳಿ ಪೈಪಿನ ಬಾಯಿ, ನೀರು ಬರುವ ಪೈಪಿನ ಸುತ್ತಲಿನ ಸಂದು, ಇವು ಮೂರೂ ಸೊಳ್ಳೆಗೆ ಬಾಗಿಲುಗಳೇ. ಆಮೇಲೆ ತಾರಸಿಯ ಮೂಲೆಯಲ್ಲಿ ಇಳಿಜಾರು ಸರಿಯಿಲ್ಲದೆ ನಿಂತ ನೀರು. ಆಮೇಲೆ ಸಂಪ್. ಸಂಪಿನ ಮುಚ್ಚಳ ತುಕ್ಕು ಹಿಡಿದು ಅಂಚು ತಿಂದುಹೋಗಿರುತ್ತದೆ, ಮೇಲಿಂದ ಗೊತ್ತಾಗುವುದಿಲ್ಲ. ಒಳಗೆ ಟಾರ್ಚ್ ಹಾಕಿ ನೋಡಿ. ಬಳಸದ ಬಾವಿ, ನಿಂತುಹೋದ ಕಾರಂಜಿ, ದನಕ್ಕೆ ನೀರಿಡುವ ತೊಟ್ಟಿ.

ಕಟ್ಟಡ ಕೆಲಸ ನಡೆಯುವ ಜಾಗವನ್ನು ನಾನು ಎಂದೂ ಬಿಟ್ಟವಳಲ್ಲ. ಕ್ಯೂರಿಂಗ್‌ಗೆ ಎಂದು ಹೊಸ ಛಾವಣಿಯ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುತ್ತಾರೆ. ಲಿಫ್ಟಿನ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಇಟ್ಟಿಗೆ ನೆನೆಸುವ ತೊಟ್ಟಿ ವಾರಗಟ್ಟಲೆ ಹಾಗೇ ಇರುತ್ತದೆ. ಪಕ್ಕದ ಶೆಡ್ಡಿನಲ್ಲೇ ಕೆಲಸಗಾರರು ಪರದೆ ಇಲ್ಲದೆ ಮಲಗುತ್ತಾರೆ. ಅವರಲ್ಲಿ ಒಬ್ಬರು ಬೇರೆ ಕಡೆಯಿಂದ ಮಲೇರಿಯಾ ಹೊತ್ತು ತಂದಿದ್ದರೆ, ಸೊಳ್ಳೆಗೆ ಬೇಕಾದ್ದೆಲ್ಲ ಹತ್ತು ಹೆಜ್ಜೆಯೊಳಗೆ ಸಿಕ್ಕಿತು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಕಟ್ಟಿಸುವವರು ಅವರಿಗೆ ಪರದೆ ಕೊಡಬೇಕು, ವಾರಕ್ಕೊಮ್ಮೆ ಆ ನೀರು ಹರಿಯಬಿಟ್ಟು ಜಾಗ ಒಣಗಿಸಬೇಕು.

ಹೀಗೆ ಟ್ಯಾಂಕು, ಸಂಪು, ಕಟ್ಟಡದ ನೀರಿಗೆ ಒಗ್ಗಿಕೊಂಡದ್ದು ಅನಾಫಿಲಿಸ್ ಸ್ಟೆಫೆನ್ಸಿ ಎಂಬ ಜಾತಿ. ದಕ್ಷಿಣ ಏಷ್ಯಾ ಮತ್ತು ಅರೇಬಿಯಾ ಕಡೆಯದು. 2012ರಲ್ಲಿ ಅದು ಆಫ್ರಿಕಾದ ಜಿಬೂತಿಯಲ್ಲಿ ಸಿಕ್ಕಿತು, ಆಮೇಲೆ ಇಥಿಯೋಪಿಯಾದಲ್ಲೂ. ಮಲೇರಿಯಾ ಹಳ್ಳಿಯ ಕಾಯಿಲೆ, ಪೇಟೆಗೆ ಬರಲ್ಲ ಅನ್ನುವ ಮಾತನ್ನು ಈ ಸೊಳ್ಳೆ ಸುಳ್ಳು ಮಾಡಿದೆ.

ಹೊರಗಿನ ನೀರು ಬೇರೆ ಜಾತಿಗಳದ್ದು. ಮಳೆಯ ನಂತರ ಬಿಸಿಲು ಬೀಳುವ ಗುಂಡಿ, ದನದ ಗೊರಸು ಊರಿದ ಕುಳಿ, ಗಾಡಿ ಚಕ್ರದ ಜಾಡು, ಮಣ್ಣು ತೆಗೆದ ಹೊಂಡ, ಸೋರುವ ಕಾಲುವೆಯ ಪಕ್ಕದ ಜೌಗು, ಬತ್ತುತ್ತಿರುವ ಹೊಳೆಯ ಮರಳಲ್ಲಿ ಉಳಿದ ಮಡು. ಗೊರಸಿನ ಕುಳಿಯಲ್ಲಿ ಏನಿದ್ದೀತು ಎಂದು ದಾಟಿ ಹೋಗಬೇಡಿ. ಒಂದು ಲೋಟ ನೀರಿನಲ್ಲೂ ಮರಿ ಬೆಳೆಯುತ್ತವೆ. ಬೆಟ್ಟದ ಕಡೆ ಕೆಲವು ಜಾತಿಗಳು ಮೆಲ್ಲಗೆ ಹರಿಯುವ ತೊರೆಯ ಹುಲ್ಲಿನ ಅಂಚನ್ನೇ ಆರಿಸಿಕೊಳ್ಳುತ್ತವೆ.

ಸಿಕ್ಕ ಮೇಲೆ ಏನು ಮಾಡಬೇಕು

ಚೆಲ್ಲಬಹುದಾದ ನೀರನ್ನು ಒಣ ನೆಲದ ಮೇಲೆ ಚೆಲ್ಲಿ. ಇದಕ್ಕೆ ಸಮನಾದ ಮದ್ದಿಲ್ಲ. ಅನಾಫಿಲಿಸ್ ಮರಿ ನೀರಿಲ್ಲದೆ ಬದುಕುವುದಿಲ್ಲ. ಚರಂಡಿಗೆ ಸುರಿದರೆ ಅಲ್ಲಿ ಉಳಿದುಕೊಳ್ಳಬಹುದು, ಮಣ್ಣಿಗೆ ಸುರಿಯಿರಿ.

ಚೆಲ್ಲಲಾಗದ ನೀರನ್ನು ಮುಚ್ಚಿ. ಮುಚ್ಚಳ ಬಿಗಿಯಾಗಿ ಕೂರಬೇಕು. ಅರ್ಧ ಮುಚ್ಚಿದ ಟ್ಯಾಂಕ್ ತೆರೆದ ಟ್ಯಾಂಕಿಗಿಂತ ಕೆಟ್ಟದ್ದು ಅನ್ನುವುದು ನನ್ನ ಅನುಭವ. ಸೊಳ್ಳೆ ಒಳಗೆ ಹೋಗುತ್ತದೆ, ಮನೆಯವರು ಮಾತ್ರ ಮುಚ್ಚಿದೆ ಎಂದು ನೆಮ್ಮದಿಯಾಗಿರುತ್ತಾರೆ. ಪೈಪಿನ ಬಾಯಿಗಳಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ. ತೂತು ಒಂದೂವರೆ ಮಿಲಿಮೀಟರಿಗಿಂತ ದೊಡ್ಡದಿರಬಾರದು. ಜಾಲರಿ ಸಿಗದಿದ್ದರೆ ಎರಡು ಪದರ ತೆಳು ಬಟ್ಟೆ ಕಟ್ಟಿ. ಬಟ್ಟೆ ಬಿಸಿಲಿಗೆ ಬೇಗ ಹರಿಯುತ್ತದೆ, ವಾರದ ತಪಾಸಣೆಯಲ್ಲಿ ಅದನ್ನೂ ಮುಟ್ಟಿ ನೋಡಿ.

ಗುಂಡಿಯನ್ನು ಮಣ್ಣು ಹಾಕಿ ತುಂಬಿ. ಸೋರುವ ನಲ್ಲಿ, ಒಡೆದ ಪೈಪು ಸರಿಮಾಡಿಸಿ. ಕಾಲುವೆಯ ಅಂಚಿನ ಹುಲ್ಲು ಕೊಯ್ದು, ನೀರು ನಿಲ್ಲದೆ ಹರಿಯುವ ಹಾಗೆ ಮಾಡಿ.

ಬಾವಿ, ಕಾರಂಜಿ, ಕಟ್ಟೆ ಕಟ್ಟಿದ ಕೊಳ, ಇಂಥ ಕಡೆ ಗಪ್ಪಿ ಮೀನು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ನೀರಿನ ಮೇಲ್ಭಾಗದಲ್ಲೇ ಮೇಯುವ ಸಣ್ಣ ಮೀನು ಅದು, ಮರಿ ಹಾಕುತ್ತದೆ, ಒಮ್ಮೆ ಬಿಟ್ಟರೆ ತಾನೇ ಹೆಚ್ಚುತ್ತದೆ. ಪಾಚಿ, ಕಳೆ ತೆಗೆದು ಬಿಡಿ, ಇಲ್ಲದಿದ್ದರೆ ಸೊಳ್ಳೆ ಮರಿಗಳು ಅದರೊಳಗೆ ಅಡಗುತ್ತವೆ. ಆಗಷ್ಟೇ ಬ್ಲೀಚಿಂಗ್ ಪುಡಿ ಹಾಕಿದ ನೀರಿಗೆ ಮೀನು ಬಿಡಬೇಡಿ, ಸಾಯುತ್ತವೆ. ಗಂಬೂಸಿಯಾ ಎಂಬ ಇನ್ನೊಂದು ಮೀನನ್ನೂ ಬಳಸುತ್ತಾರೆ. ಆದರೆ ಯಾವುದನ್ನೂ ಕೆರೆಗೆ, ಹೊಳೆಗೆ ಬಿಡಬೇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಗಂಬೂಸಿಯಾ ಅಲ್ಲಿಯ ಸ್ವಂತ ಮೀನುಗಳ ಮರಿಗಳನ್ನೂ ಕಪ್ಪೆ ಮರಿಗಳನ್ನೂ ತಿಂದು ಹಾಳು ಮಾಡಿದ ಉದಾಹರಣೆ ಜಗತ್ತಿನ ತುಂಬಾ ಇದೆ.

ಔಷಧಿಯ ಸರದಿ ಇವೆಲ್ಲ ಆದ ಮೇಲೆ. ಬಿಟಿಐ ಎಂಬುದು ಒಂದು ಬ್ಯಾಕ್ಟೀರಿಯಾ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕಿತು. ಮರಿಗಳು ಅದನ್ನು ತಿಂದರೆ ಕರುಳು ಒಡೆದು ಸಾಯುತ್ತವೆ. ಮನುಷ್ಯರಿಗೆ, ಮೀನಿಗೆ ತೊಂದರೆಯಿಲ್ಲ. ಪ್ಯೂಪಾ ತಿನ್ನುವುದೇ ಇಲ್ಲವಲ್ಲ, ಹಾಗಾಗಿ ಅದಕ್ಕೆ ಇದು ತಾಗುವುದಿಲ್ಲ. ಸೌಟಿನಲ್ಲಿ ಪ್ಯೂಪಾ ಕಂಡರೆ ಬಿಟಿಐ ನಂಬಿ ಕೂರಬೇಡಿ, ಆ ನೀರನ್ನೇ ತೆಗೆಯಿರಿ. ಟೆಮಿಫಾಸ್ ಎಂಬ ಮರಿ ಕೊಲ್ಲುವ ಔಷಧಿ ಹಾಕುವುದಾದರೆ ಕುಡಿಯುವ ನೀರಿಗೆ ಒಂದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಅದನ್ನು ತರಬೇತಾದವರೇ ಅಳೆದು ಹಾಕಲಿ. ಹಳೇ ಇಂಜಿನ್ ಆಯಿಲ್ ಸುರಿಯುವ ರೂಢಿ ಕೆಲವು ಕಡೆ ಇದೆ. ಅದು ಮಣ್ಣಿಗಿಳಿದು ಬಾವಿ ನೀರು ಕೆಡಿಸುತ್ತದೆ, ಮಾಡಬೇಡಿ.

ಹೊಗೆ ಹೊಡೆಯುವ ಗಾಡಿ ಬಂದರೆ ಜನರಿಗೆ ಸಮಾಧಾನ. ಕೆಲಸ ಆಗುತ್ತಿರುವುದು ಕಣ್ಣಿಗೆ ಕಾಣುತ್ತದೆ, ಅಲ್ವಾ. ಆದರೆ ಆ ಹೊಗೆ ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ. ಟ್ಯಾಂಕಿನೊಳಗಿನ ಮರಿಗೆ ಏನೂ ಆಗುವುದಿಲ್ಲ, ನಾಳೆ ಅವು ಹೊರಗೆ ಬರುತ್ತವೆ.

ಮರಿಗಳ ಬೆನ್ನು ಹತ್ತಿ ಗೆದ್ದ ಒಂದು ಕತೆ ಹೇಳಬೇಕು. 1930ರಲ್ಲಿ ಆಫ್ರಿಕಾದ ಒಂದು ಅನಾಫಿಲಿಸ್ ಜಾತಿ ಬ್ರೆಜಿಲ್ಲಿನ ನಟಾಲ್ ಊರಿನಲ್ಲಿ ಕಾಣಿಸಿಕೊಂಡಿತು. 1938ರ ಹೊತ್ತಿಗೆ ಈಶಾನ್ಯ ಭಾಗದಲ್ಲಿ ಮಲೇರಿಯಾ ಹಬ್ಬಿ ಸಾವಿರಾರು ಜನ ಸತ್ತರು. ಡಿಡಿಟಿ ಎಂಬ ಕೀಟನಾಶಕ ಇನ್ನೂ ಬಳಕೆಗೆ ಬಂದಿರಲಿಲ್ಲ. ಅಮೆರಿಕದ ಆರೋಗ್ಯ ತಜ್ಞ ಫ್ರೆಡ್ ಸೋಪರ್ ಅವರ ತಂಡದ ಕೆಲಸಗಾರರು ಗುಂಡಿ ಗುಂಡಿ ಹುಡುಕಿ, ಮರಿ ಕೊಲ್ಲುವ ಪ್ಯಾರಿಸ್ ಗ್ರೀನ್ ಎಂಬ ಪುಡಿ ಎರಚಿದರು. ಪ್ರತಿ ಗುಂಡಿಗೂ ಮತ್ತೆ ಮತ್ತೆ ಬಂದರು. 1940ರ ಕೊನೆಗೆ ಆ ಜಾತಿ ಬ್ರೆಜಿಲ್ಲಿನಲ್ಲಿ ಒಂದೂ ಉಳಿಯಲಿಲ್ಲ. ಆ ಪುಡಿಯಲ್ಲಿ ಆರ್ಸೆನಿಕ್ ವಿಷ ಇರುವುದರಿಂದ ಈಗ ಬಳಸುವುದಿಲ್ಲ. ಮತ್ತೆ ಮತ್ತೆ ಹೋಗಿ ನೋಡುವ ಪದ್ಧತಿ ಮಾತ್ರ ಇವತ್ತಿಗೂ ಅದೇ.

ಮಲಗುವ ಜಾಗ

ಅನಾಫಿಲಿಸ್ ಒಂದೆರಡು ಕಿಲೋಮೀಟರು ಹಾರಬಲ್ಲದು. ನಿಮ್ಮ ಮನೆ ಎಷ್ಟು ಚೊಕ್ಕಟವಾಗಿದ್ದರೂ ದೂರದ ಹೊಂಡದ್ದು ಬರಬಹುದು. ಮುಸ್ಸಂಜೆಯಿಂದ ಬೆಳಗಿನವರೆಗೆ ಅದು ಕಚ್ಚುವ ಹೊತ್ತು. ಅದಕ್ಕೆ ಔಷಧಿ ಸೇರಿಸಿದ ಪರದೆಯೊಳಗೆ ಮಲಗಿ. ಹೊಸ ಪರದೆಯನ್ನು ಬಳಸುವ ಮೊದಲು ಒಂದು ದಿನ ನೆರಳಲ್ಲಿ ಹರವಿ. ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ. ಕೊಳೆಯಾದರೆ ತಣ್ಣೀರಲ್ಲಿ, ಮೆದು ಸೋಪಿನಲ್ಲಿ ತೊಳೆದು ನೆರಳಲ್ಲೇ ಒಣಗಿಸಿ. ಬಿಸಿಲು ಮತ್ತು ಬ್ಲೀಚ್ ಔಷಧಿಯನ್ನು ಕೆಡಿಸುತ್ತವೆ. ಇಂಥ ಪರದೆಯ ಗುಣ ಸುಮಾರು 3 ವರ್ಷ, ಅಥವಾ 20 ಸಲ ತೊಳೆಯುವವರೆಗೆ ಇರುತ್ತದೆ. ಒಂದೇ ಪರದೆ ಇದ್ದರೆ ಬಸುರಿಯರಿಗೆ, ಪುಟ್ಟ ಮಕ್ಕಳಿಗೆ ಕೊಡಿ. ಗೋಡೆಗೆ ಔಷಧಿ ಸಿಂಪಡಿಸಿ ಹೋದ ಮೇಲೆ ಸುಣ್ಣ ಬಳಿಯಬೇಡಿ, ಒರೆಸಬೇಡಿ. ರಕ್ತ ಕುಡಿದ ಸೊಳ್ಳೆ ಆ ಗೋಡೆಯ ಮೇಲೆ ಕೂತು ಸಾಯಲಿ ಎಂದೇ ಸಿಂಪಡಿಸಿರುವುದು.

ಜ್ವರ ಬಂದರೆ

ಚಳಿ, ನಡುಕ, ಬೆವರು, ದಿನ ಬಿಟ್ಟು ದಿನ ಜ್ವರ, ಇದೆಲ್ಲ ಪುಸ್ತಕದಲ್ಲಿದ್ದ ಹಾಗೆ ಬರಲಿ ಎಂದು ಕಾಯಬೇಡಿ. ಮಲೇರಿಯಾ ಇರುವ ಜಾಗದಲ್ಲಿ ಯಾವ ಜ್ವರ ಬಂದರೂ 24 ಗಂಟೆಯೊಳಗೆ ರಕ್ತ ಪರೀಕ್ಷೆ ಮಾಡಿಸಿ. ಬೆರಳ ತುದಿಯ ಒಂದು ಹನಿ ರಕ್ತ ಸಾಕು, ರ‍್ಯಾಪಿಡ್ ಕಿಟ್‌ನಲ್ಲಿ 15ರಿಂದ 20 ನಿಮಿಷಕ್ಕೆ ಗೊತ್ತಾಗುತ್ತದೆ. ಮೊದಲ ಸಲ ಇಲ್ಲ ಎಂದು ಬಂದು, ಜ್ವರ ನಿಲ್ಲದಿದ್ದರೆ ಮತ್ತೆ ಮಾಡಿಸಿ. ಮಲೇರಿಯಾದ ಫಾಲ್ಸಿಪಾರಂ ಎಂಬ ಬಗೆಯಾದರೆ ಒಂದೇ ದಿನದಲ್ಲಿ ಪ್ರಾಣಕ್ಕೆ ಬರಬಹುದು. ಮಂಪರು, ಫಿಟ್ಸ್, ಏದುಸಿರು, ಕಪ್ಪು ಮೂತ್ರ, ಹಳದಿ ಕಣ್ಣು, ಇವುಗಳಲ್ಲಿ ಒಂದು ಕಂಡರೂ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ವೈವ್ಯಾಕ್ಸ್ ಎಂಬ ಇನ್ನೊಂದು ಬಗೆ ಬೇರೆ ಥರ ಮೋಸ ಮಾಡುತ್ತದೆ. ಅದರ ಪರಾವಲಂಬಿ ಯಕೃತ್ತಿನಲ್ಲಿ ಸದ್ದಿಲ್ಲದೆ ಉಳಿದು, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಎದ್ದು ಬರುತ್ತದೆ. ಅದನ್ನು ತೆಗೆಯಲು ಸಾಮಾನ್ಯವಾಗಿ 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುವವರಿಗೆ ಅದರಿಂದ ರಕ್ತಕಣ ಒಡೆಯುತ್ತದೆ, ಬಸುರಿಯರಿಗೆ ಕೊಡುವಂತಿಲ್ಲ. ಹಾಗಾಗಿ ವೈದ್ಯರು ಹೇಳಿದಂತೆಯೇ ತೆಗೆದುಕೊಳ್ಳಬೇಕು. ನನ್ನ ಮಗನಿಗೆ ಹದಿನೇಳು ವರ್ಷವಿದ್ದಾಗ ವೈವ್ಯಾಕ್ಸ್ ಬಂತು. ಐದನೇ ದಿನಕ್ಕೆ ಜ್ವರ ಪೂರ್ತಿ ಹೋಯಿತು, ಆಟಕ್ಕೆ ಹೊರಟ. ಉಳಿದ ಮಾತ್ರೆ ದಿಂಬಿನ ಕೆಳಗೆ ಉಳಿದವು. ನಾನು ಊರವರ ಮಾತ್ರೆ ಎಣಿಸುತ್ತಿದ್ದೆ, ಅವನದ್ದು ಎಣಿಸಿರಲಿಲ್ಲ. ಮೂರು ತಿಂಗಳ ನಂತರ ಒಂದು ರಾತ್ರಿ ಹಲ್ಲು ಕಟಕಟ ಎನ್ನುವಷ್ಟು ನಡುಗಿದ. ಎರಡನೇ ಸಲ ಹದಿನಾಲ್ಕು ದಿನವೂ ನನ್ನ ಕೈಯಾರೆ ಕೊಟ್ಟೆ, ನುಂಗುವವರೆಗೆ ಎದುರಿಗೇ ನಿಂತೆ.

ಶ್ರೀಲಂಕಾದ ಲೆಕ್ಕ ನನಗೆ ಆಗ ನೆನಪಾಗಿತ್ತು. 1963ರಲ್ಲಿ ಅಲ್ಲಿ ಇಡೀ ವರ್ಷಕ್ಕೆ 17 ಮಲೇರಿಯಾ ಪ್ರಕರಣ. ಗೆದ್ದೆವು ಎಂದು ಸಿಂಪಡಣೆ, ತಪಾಸಣೆ ಸಡಿಲವಾದವು. 1960ರ ದಶಕ ಮುಗಿಯುವ ಮೊದಲೇ ಅದು ವರ್ಷಕ್ಕೆ ಲಕ್ಷಗಟ್ಟಲೆಯಾಗಿ ಮರಳಿತು. ಮತ್ತೆ ಮೊದಲಿಂದ ಶುರು ಮಾಡಿ, ಮಲೇರಿಯಾ ಮುಕ್ತ ದೇಶ ಎನ್ನಿಸಿಕೊಂಡದ್ದು 2016ರಲ್ಲಿ.

ಮಗನಿಗೆ ಮೊದಲ ಸಲ ರಕ್ತ ಪರೀಕ್ಷೆಯಲ್ಲಿ ಮಲೇರಿಯಾ ಎಂದು ಬಂದ ಸಂಜೆಯೇ ನಾನು ಸೌಟು ಹಿಡಿದು ನಮ್ಮ ತಾರಸಿ ಹತ್ತಿದ್ದೆ. ಟ್ಯಾಂಕಿನ ಮುಚ್ಚಳ ಬಿಗಿಯಾಗಿತ್ತು. ಓವರ್‌ಫ್ಲೋ ಪೈಪಿನ ಜಾಲರಿ ಮಾತ್ರ ಕಿತ್ತು ಒಂದೇ ತಂತಿಯಲ್ಲಿ ನೇತಾಡುತ್ತಿತ್ತು. ಮೂರನೇ ಸೌಟಿನಲ್ಲಿ ನಾಲ್ಕು ಮರಿ, ಮಟ್ಟಸವಾಗಿ ಮಲಗಿದ್ದವು. ಅವನನ್ನು ಕಚ್ಚಿದ್ದು ಇಲ್ಲಿಯದೇ ಸೊಳ್ಳೆಯೋ ಎಂದು ಯಾರೂ ಹೇಳಲಾರರು. ಆ ರಾತ್ರಿಯೇ ಟ್ಯಾಂಕ್ ಖಾಲಿ ಮಾಡಿ ಉಜ್ಜಿದೆ, ಹೊಸ ಜಾಲರಿ ಕಟ್ಟಿದೆ, ಬೆಳಗ್ಗೆ ಅಕ್ಕಪಕ್ಕದ ಒಂಬತ್ತು ಮನೆಗಳ ತಾರಸಿ ಹತ್ತಿದೆ. ಎರಡು ಟ್ಯಾಂಕಿನಲ್ಲಿ ಮರಿ ಇದ್ದವು. ನೋಟ್‌ಬುಕ್ಕಿನಲ್ಲಿ ತಾರೀಖು, ಮನೆ, ನೀರಿನ ಜಾಗ, ಎಷ್ಟು ಸೌಟು, ಎಷ್ಟು ಮರಿ, ಏನು ಮಾಡಿದೆ, ಮತ್ತೆ ನೋಡುವ ದಿನ ಎಂದು ಗೆರೆ ಎಳೆದು ಬರೆದೆ. ನೀವೂ ಹೀಗೇ ಬರೆಯಿರಿ. ಏಳು ದಿನ ಬಿಟ್ಟು ಮತ್ತೆ ಹೋದಾಗ ಆ ಮೂರೂ ಟ್ಯಾಂಕಿನಲ್ಲಿ ಹತ್ತು ಹತ್ತು ಸೌಟು ಎತ್ತಿದೆ. ಒಂದು ಮರಿಯೂ ಸಿಗಲಿಲ್ಲ. ಮುಂದಿನ ವಾರದ ತಾರೀಖು ಬರೆದು ಕೆಳಗಿಳಿದೆ.